ನೀರು ಮುಟ್ಟಿ ಬರುವ ಟೇಪು

ನಾನು ಬಾವಿಯ ನೀರಿನ ಆಳ ಅಳೆಯುವ ಒಂದು ಟೇಪು. ದರ್ಜಿಯ ಕೊರಳಲ್ಲಿ ನೇತಾಡುವ ಜಾತಿಯಲ್ಲ. ನನ್ನ ಉದ್ದ ನೂರು ಮೀಟರು. ಹಳದಿ ಪಟ್ಟಿಯೊಳಗೆ ಎರಡು ತಂತಿ, ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆ ಗುಂಡು, ಸುತ್ತಿಡಲು ಒಂದು ಕಬ್ಬಿಣದ ಚಕ್ರ. ಗುಂಡು ನೀರಿಗೆ ತಾಗಿದರೆ ಮೇಲೆ ಚಕ್ರದಲ್ಲಿ ‘ಕುಂಯ್’ ಎಂದು ಸದ್ದಾಗುತ್ತದೆ. ಆಗ ಬಾವಿಯ ಬಾಯಿಗೆ ಸರಿಯಾಗಿ ನನ್ನ ಮೈಮೇಲೆ ಯಾವ ಅಂಕಿ ಇದೆಯೋ ಅದೇ ಆಳ.

ಪುಣೆಯ ಹೊರವಲಯದ ಒಂದು ಶೆಡ್ಡಿನಲ್ಲಿ ನಾನು ಹುಟ್ಟಿದೆ. ನನ್ನ ಮೇಲೆ ಅಂಕಿ ಒತ್ತಿದ ಹೆಂಗಸು ಗುಂಡನ್ನು ಬಕೆಟ್ಟಿನಲ್ಲಿ ಅದ್ದಿ, ಸದ್ದು ಬಂದ ಕೂಡಲೇ ನಕ್ಕಳು. ಅದು ನಾನು ಮುಟ್ಟಿದ ಮೊದಲ ನೀರು. ಆ ತಂಪು ಮೈಗೆ ಹತ್ತಿಬಿಟ್ಟಿತು. ಅಲ್ಲಿಂದ ಮುಂದೆ ನನ್ನ ಬಾಳೆಲ್ಲ ಅದಕ್ಕಾಗಿ ಇಳಿದದ್ದೇ.

ನನ್ನ ಮೊದಲ ಒಡೆಯರು ದಸ್ತಗಿರಿ ಸಾಹೇಬರು. ಶಿರಾ ಸೀಮೆಯ ಊರೂರು ತಿರುಗಿ, ತಿಂಗಳಿಗೊಮ್ಮೆ ಗೊತ್ತುಮಾಡಿದ ಬಾವಿಗಳ ನೀರಿನ ಮಟ್ಟ ಅಳೆದು ಬರೆದುಕೊಳ್ಳುವುದು ಅವರ ನೌಕರಿ. ಸೈಕಲ್ಲಿನ ಹಿಂದೆ ನನ್ನನ್ನು ಗೋಣಿಯಲ್ಲಿ ಸುತ್ತಿ ಕಟ್ಟುತ್ತಿದ್ದರು. ಅಳೆದ ಮೇಲೆ ತಮ್ಮ ಕರವಸ್ತ್ರದಿಂದಲೇ ಗುಂಡನ್ನು ಒರೆಸುತ್ತಿದ್ದರು. ಅಷ್ಟು ಮೆದುವಾದ ಕೈ ನನಗೆ ಮತ್ತೆ ಸಿಗಲಿಲ್ಲ.

ಹಾಲಗೊಂಡನಹಟ್ಟಿಯಲ್ಲಿ ಜುಂಜಮ್ಮನ ತೆರೆದ ಬಾವಿಯೂ ಅವರ ಪಟ್ಟಿಯಲ್ಲಿತ್ತು. ಜುಂಜಮ್ಮ ಆಗ ಹೊಸದಾಗಿ ಆ ಮನೆಗೆ ಬಂದ ಸೊಸೆ. ಮೊದಲ ಸಲ ಆ ಬಾವಿಗೆ ಇಳಿದಾಗ ಏಳನೇ ಮೀಟರಿಗೇ ನೀರು ಸಿಕ್ಕಿತು. ಕೆಳಗೆ ಆಮೆಯೊಂದು ನನ್ನ ಗುಂಡನ್ನು ಮೂಸಿ ದೂರ ಹೋಯಿತು. ನಾಲ್ಕು ವರ್ಷದ ಮೇಲೆ ಒಂಬತ್ತು. ಆಮೇಲೆ ಹನ್ನೊಂದು, ಹದಿನಾಲ್ಕು. ಊರಿನಲ್ಲಿ ಕೊಳವೆ ಬಾವಿಗಳು ಒಂದರ ಹಿಂದೊಂದು ಬರುತ್ತಿದ್ದವು.

ಒಂದು ಮಧ್ಯಾಹ್ನ ಜುಂಜಮ್ಮ ಕೇಳಿದಳು: “ಸಾಬ್ರೆ, ತಿಂಗ್ಳು ತಿಂಗ್ಳು ಬತ್ತೀರ, ಬರ್ಕಂಡು ಹೋಗ್ತೀರ. ಅದ್ರಾಗೆ ಏನೈತೆ ಅಂತ ನಮ್ಗೂ ವಸಿ ಹೇಳ್ಬಾರ್ದಾ?”

“ಮೇಲಕ್ಕೆ ಕಳಿಸ್ತೀನಮ್ಮ. ದೊಡ್ಡೋರು ನೋಡ್ತಾರೆ,” ಎಂದು ಸಾಹೇಬರು ನೆಲ ನೋಡುತ್ತ ನನ್ನನ್ನು ಸುತ್ತಿದರು.

ಮುಂದಿನ ಬೇಸಿಗೆಯಲ್ಲಿ ನನ್ನ ಗುಂಡು ಆ ಬಾವಿಯ ತಳದ ಕೆಸರಿಗೆ ಬಡಿಯಿತು. ಅದರ ಮುಂದಿನ ಬೇಸಿಗೆಯಲ್ಲಿ ಬರೀ ದೂಳು. ಪಟ್ಟಿಯಿಂದ ಆ ಬಾವಿಯ ಹೆಸರು ಹೋಯಿತು.

ಕಾಲ ಸರಿಯಿತು. ತಾನಾಗಿಯೇ ಮಟ್ಟ ಅಳೆದು ಕಳಿಸುವ ಯಂತ್ರಗಳು ಬಂದವು. ನನ್ನನ್ನು ಗುಜರಿ ಸಾಮಾನಿನ ಜೊತೆ ಮೂಲೆಗೆ ಹಾಕಿದರು. ಅದೇ ತಿಂಗಳು ಸಾಹೇಬರೂ ನಿವೃತ್ತರಾಗುವವರಿದ್ದರು. ಅವರು ಅರ್ಜಿ ಬರೆದು ನನ್ನನ್ನು ಕೇಳಿ ಪಡೆದುಕೊಂಡು, ಬಸ್ಸು ಹತ್ತಿ ನೇರ ಹಟ್ಟಿಗೆ ಬಂದರು. ಜುಂಜಮ್ಮನ ಜಗುಲಿಯ ಮೇಲೆ ನನ್ನನ್ನು ಇಟ್ಟರು.

“ಇಪ್ಪತ್ತಾರು ವರ್ಷ ಬರೆದೆ ಕಣಮ್ಮ. ಇಳೀತಾ ಇದೆ ಇಳೀತಾ ಇದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಇಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಇನ್ನು ನೀವೇ ಅಳೆದ್ಕೊಳಿ, ನೀವೇ ಹೇಳ್ಕೊಳಿ.”

ಆ ಮಧ್ಯಾಹ್ನವೆಲ್ಲ ಅವರು ಜುಂಜಮ್ಮನಿಗೆ ಅಳೆಯುವುದನ್ನು ಕಲಿಸಿದರು. “ಮೀಟ್ರು ಅಂದ್ರೆ ಮೂರಡಿ ಮ್ಯಾಲೆ ನಾಕು ಬೆಳ್ಳು,” ಎಂದು ಅವಳು ತನ್ನದೇ ಲೆಕ್ಕ ಹಿಡಿದುಕೊಂಡಳು. ಹೊರಡುವಾಗ ಸಾಹೇಬರು ಕರವಸ್ತ್ರ ತೆಗೆದು, ಒಣಗಿದ್ದ ನನ್ನ ಗುಂಡನ್ನು ಇನ್ನೊಮ್ಮೆ ಒರೆಸಿದರು. ಆಮೇಲೆ ಅವರು ಬರಲಿಲ್ಲ. ಎರಡು ವರ್ಷದ ನಂತರ ತೀರಿಕೊಂಡರೆಂದು ಸುದ್ದಿ ಬಂತು.

ಜುಂಜಮ್ಮ ಪ್ರತಿ ಅಮಾವಾಸ್ಯೆಯ ಮಾರನೇ ದಿನ ಊರಿನ ಹನ್ನೆರಡು ಕೊಳವೆ ಬಾವಿಗಳಿಗೆ ನನ್ನನ್ನು ಇಳಿಸುತ್ತಿದ್ದಳು. ಅಂಕಿಗಳನ್ನು ಸುಣ್ಣದಲ್ಲಿ ಶಾಲೆಯ ಕಾಂಪೌಂಡಿನ ಮೇಲೆ ಬರೆಯುತ್ತಿದ್ದಳು. ಮೊದಮೊದಲು ಜನ ನಕ್ಕರು. “ಜುಂಜಮ್ಮ ನೀರಿನ ಜಾತ್ಕ ಬರೀತಾವ್ಳೆ,” ಅಂದರು. ಕೊಳವೆ ಬಾವಿ ನನಗೆ ಹೊಸದು. ಕತ್ತಲು, ಇಕ್ಕಟ್ಟು, ಪಂಪಿನ ಪೈಪಿಗೆ ಮೈ ಉಜ್ಜುತ್ತ ಇಳಿಯಬೇಕು. ಐವತ್ತು, ಅರವತ್ತು, ಎಪ್ಪತ್ತು. ಇಳಿಯುವಾಗೆಲ್ಲ ಇನ್ನೇನು ಸಿಕ್ಕಿತು ಎಂಬ ಆಸೆ.

ಒಂದು ಮಾರ್ಚಿನಲ್ಲಿ ಊರಿಗೆ ಕುಡಿಯುವ ನೀರು ಕೊಡುವ ಬೋರಿನಲ್ಲಿ ನಾನು ಪೂರ್ತಿ ಇಳಿದೆ. ಚಕ್ರ ಖಾಲಿಯಾಯಿತು. ಸದ್ದಿಲ್ಲ. ನೀರು ಇನ್ನೂ ಕೆಳಗಿತ್ತು, ನನ್ನ ಕೈಗೆ ಎಟುಕಲಿಲ್ಲ. ನಲ್ಲಿಗಳಲ್ಲಿ ಅರ್ಧ ಕೊಡ ನೀರು, ಆಮೇಲೆ ಬರೀ ಗಾಳಿ. ಶಾಲೆಯಲ್ಲಿ ಬಿಸಿಯೂಟಕ್ಕೆ ಅಕ್ಕಿ ತೊಳೆಯಲು ನೀರಿಲ್ಲ.

ಅದೇ ವಾರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ಊರಿನ ಪಂಪುಗಳೆಲ್ಲ ನಿಂತವು. ಜುಂಜಮ್ಮ ಚಿಂತೆಯಿಂದ ದಿನವೂ ನನ್ನನ್ನು ಇಳಿಸಿದಳು. ಎರಡನೇ ದಿನ ತೊಂಬತ್ತೇಳಕ್ಕೆ ಸದ್ದು ಬಂತು. ಮೂರನೇ ದಿನ ತೊಂಬತ್ತೆರಡು. ನಾಲ್ಕನೇ ದಿನ ಎಂಬತ್ತೊಂಬತ್ತು. ಅವಳು ಚಕ್ರ ಹಿಡಿದುಕೊಂಡೇ ತಲೆಯೆತ್ತಿ ನೋಡಿದಳು. ಅರವತ್ತು ಹೆಜ್ಜೆ ಆಚೆಗೆ ಅವಳ ಮೈದುನ ಕಾಟಯ್ಯನ ಹೊಲ. ಮೂರು ಎಕರೆ ಕಲ್ಲಂಗಡಿ. ಅದರ ನಡುವೆ ಅವನು ಕಳೆದ ವರ್ಷ ಕೊರೆಸಿದ ಬೋರು.

ಕರೆಂಟು ಬರುವ ಮುಂಚೆ ಅವಳು ಅವನ ಬಳಿಗೆ ಹೋದಳು.

“ನನ್ ನೀರು ನನ್ ಹೊಲ್ದ ಕೆಳಗೈತೆ. ಊರಿನ್ ನೀರು ಊರಿನ್ ಕೆಳಗೈತೆ. ನೀನೇನ್ ಅತ್ಗೆ, ನನ್ ಮ್ಯಾಲೆ ಹೊರಿಸ್ತೀಯ?” ಎಂದ ಕಾಟಯ್ಯ. ಅವನು ಕೆಟ್ಟವನಲ್ಲ. ಬಳ್ಳಿಗಳ ನಡುವೆ ಚಪ್ಪಲಿ ಬಿಟ್ಟು ನಡೆಯುವವನು.

“ನಾನ್ ಹೊರಿಸ್ತಿಲ್ಲಪ್ಪ. ನೀನೇ ಬಂದು ನೋಡು.”

ಮರುದಿನ ಬೆಳಿಗ್ಗೆ ಕರೆಂಟು ಬಂತು. ಜುಂಜಮ್ಮ ಹೇಳಿದಂತೆ ಊರವರು ತಮ್ಮ ತಮ್ಮ ಪಂಪುಗಳನ್ನು ಹಾಕಲಿಲ್ಲ. ಎಲ್ಲರೂ ಕುಡಿಯುವ ನೀರಿನ ಬೋರಿನ ಸುತ್ತ ನೆರೆದರು. ಕಾಟಯ್ಯ ತನ್ನ ಕೈಯಿಂದಲೇ ನನ್ನನ್ನು ಇಳಿಸಿದ. ಎಂಬತ್ತೆಂಟಕ್ಕೆ ನೀರು ತಾಗಿತು. ಕುಂಯ್ ಎಂಬ ಸದ್ದು ನಿಲ್ಲದೆ ಕೇಳುತ್ತಿತ್ತು. ನನ್ನನ್ನು ಹಾಗೇ ನೀರಿನಲ್ಲಿ ನೇತುಬಿಟ್ಟು ಕಾಟಯ್ಯನ ಪಂಪೊಂದನ್ನೇ ಚಾಲೂ ಮಾಡಿದರು.

ನಾನು ಕೆಳಗಿದ್ದೆ. ನೀರು ನನ್ನ ಗುಂಡಿನಿಂದ ಮೆಲ್ಲಗೆ, ತಾಯಿ ನಿದ್ದೆಹೋದ ಮಗುವಿನ ಕೈಯಿಂದ ಸೆರಗು ಬಿಡಿಸಿಕೊಳ್ಳುವಂತೆ, ಬಿಡಿಸಿಕೊಂಡು ಕೆಳಕ್ಕೆ ಸರಿಯಿತು. ಮೇಲೆ ಸದ್ದು ಒಮ್ಮೆ ತಡವರಿಸಿ ನಿಂತೇಹೋಯಿತು.

ಪಂಪು ಹಾಕಿ ಅರ್ಧ ಗಂಟೆಯೂ ಆಗಿರಲಿಲ್ಲ. ಕಾಟಯ್ಯ ಚಕ್ರವನ್ನು ಕಿವಿಗೆ ಹಿಡಿದ. ಅಲ್ಲಾಡಿಸಿದ. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕುಕ್ಕರಿಸಿದ.

“ಕಾಯಿ ಕಚ್ಚೈತೆ ಅತ್ಗೆ. ತೆಂಗಿನ್ಕಾಯಿ ಗಾತ್ರ ಆಗವೆ. ಈಗ ನೀರು ನಿಲ್ಸೋದು ಅಂದ್ರೆ ನನ್ ಕೈಯಾರ ಅವುಗಳ ಕತ್ತು ಹಿಸುಕ್ದಂಗೆ.”

ಜುಂಜಮ್ಮ ಅವನ ಪಕ್ಕದಲ್ಲಿ ಕುಳಿತಳು. “ಎಲ್ಲಾ ಒಣಗಿಸು ಅಂತ ನಾನ್ ಅನ್ನಲ್ಲ. ಎಷ್ಟು ಉಳಿಸ್ಬೌದೋ ನೋಡಾನ.”

ಕಾಟಯ್ಯ ಒಂದು ಎಕರೆ ಉಳಿಸಿಕೊಂಡ. ಅದಕ್ಕೆ ದಿನ ಬಿಟ್ಟು ದಿನ ಸಂಜೆ ಹನಿ ಪೈಪಿನಲ್ಲಿ ನೀರು ಕೊಟ್ಟ. ಉಳಿದ ಎರಡು ಎಕರೆಯ ಬಳ್ಳಿ ಒಣಗುವಾಗ ಅವನು ಆ ಕಡೆ ಹೋಗುತ್ತಿರಲಿಲ್ಲ. ಬಲಿಯದ ಕಾಯಿಗಳನ್ನು ದನಗಳಿಗೆ ಹಾಕಿದರು. ಜುಂಜಮ್ಮ ಅವನ ಮನೆಗೆ ಹೋಗಿ ಅಂದು ಸಂಜೆಯವರೆಗೂ ಕೂತಿದ್ದು ಬಂದಳು. ನಲ್ಲಿಗಳಲ್ಲಿ ಬೆಳಗಿನ ಹೊತ್ತು ನೀರು ಬಂತು.

ಆಮೇಲೆ ಊರವರು ಶಾಲೆಯ ಗೋಡೆಯ ಮುಂದೆ ಕುಳಿತು ಮಾತಾಡಿಕೊಂಡರು. ಬೇಸಿಗೆಯಲ್ಲಿ ಭತ್ತ ಬೇಡ. ಹೊಸ ಬೋರು ಕೊರೆಸುವ ಮುಂಚೆ ಎಲ್ಲರನ್ನೂ ಕೇಳಬೇಕು. ಗುಡ್ಡದಿಂದ ಓಡುವ ಮಳೆನೀರಿಗೆ ಅಡ್ಡಲಾಗಿ ಬದು ಹಾಕಬೇಕು. ಕೆಲವರು ಒಪ್ಪಿದರು, ಕೆಲವರು ಗೊಣಗಿದರು, ಇಬ್ಬರು ಎದ್ದು ಹೋದರು. ಎದ್ದು ಹೋದವರಲ್ಲೊಬ್ಬ ಮುಂದಿನ ವರ್ಷ ತಾನಾಗಿ ಬಂದು ರಾಗಿ ಹಾಕುತ್ತೇನೆಂದ. ಇನ್ನೊಬ್ಬ ಇವತ್ತಿಗೂ ಭತ್ತ ನಾಟಿ ಮಾಡುತ್ತಾನೆ. ಎರಡು ಮಳೆಗಾಲದ ನಂತರ ಆ ಕುಡಿಯುವ ನೀರಿನ ಬೋರಿನಲ್ಲಿ ನಾನು ಎಪ್ಪತ್ತೊಂದಕ್ಕೇ ನೀರು ಮುಟ್ಟಿದೆ. ಆ ದಿನ ಕಾಟಯ್ಯ ಅಂಕಿಯನ್ನು ಸುಣ್ಣದಲ್ಲಿ ಇಷ್ಟು ದಪ್ಪಕ್ಕೆ ಬರೆದ.

ನನ್ನ ಕೊನೆಯ ಇಳಿತ ಒಂಬತ್ತನೇ ಬೋರಿನಲ್ಲಿ. ಪಂಪಿನ ಪೈಪಿಗೆ ಸುತ್ತಿಕೊಂಡೆ. ಬಿಡಿಸಲು ಒಂದು ಹಗಲೆಲ್ಲ ಎಳೆದಾಡಿದರು. ಅರವತ್ತೆರಡನೇ ಮೀಟರಿಗೆ ಹರಿದುಹೋದೆ. ನನ್ನ ಗುಂಡು ಅಲ್ಲೇ ಉಳಿಯಿತು. ಊರಿಗೆ ಹೊಸ ಟೇಪು ಬಂತು.

ಈಗ ನಾನು ಜುಂಜಮ್ಮನ ಪಡಸಾಲೆಯ ಗೂಟದಲ್ಲಿದ್ದೇನೆ. ಅವಳ ಮಂಡಿ ಬಲಹೀನವಾಗಿ ಅಳೆಯುವ ಕೆಲಸ ಕಾಟಯ್ಯನಿಗೆ ಹೋಗಿದೆ. ಪ್ರತಿ ತಿಂಗಳೂ ಅವನು ಅಳೆದ ಮೇಲೆ ಮೊದಲು ಅವಳಿಗೆ ಬಂದು ಹೇಳುತ್ತಾನೆ. ಈ ಬೇಸಿಗೆ ಮಳೆ ಕೈಕೊಟ್ಟಿದೆ.

“ಎರಡು ಮೀಟ್ರು ಇಳಿದೈತೆ ಅತ್ಗೆ. ಈ ಸಲ ನಾನು ಏನೂ ಇಡಲ್ಲ. ಹೊಲ ಮಲಗಿರ್ಲಿ.”

ಅವಳು ತಲೆಯಾಡಿಸಿದಳು. ಎರಡು ಮೀಟರಿಗೆ ಎಷ್ಟು ಅಡಿ, ಎಷ್ಟು ಬೆರಳು ಎಂದು ಕೇಳಲಿಲ್ಲ. ಅವನು ಹೋದ ಮೇಲೆ ಗೋಡೆ ಹಿಡಿದು ಎದ್ದು, ಗೂಟದ ಹತ್ತಿರ ಬಂದು, ನನ್ನ ಹರಿದ ತುದಿಯನ್ನು ಬೆರಳಿನಲ್ಲಿ ಹಿಡಿದುಕೊಂಡು ತುಸು ಹೊತ್ತು ನಿಂತಳು.

ಹುಟ್ಟಿದ ದಿನದ ಬಕೆಟ್ಟು ಬಿಟ್ಟರೆ ನೀರನ್ನು ನಾನು ಬೆಳಕಿನಲ್ಲಿ ಕಂಡವನಲ್ಲ. ಮೇಲಿನವರು ಕಂಡದ್ದು ಹರಿಯುವ ನೀರು, ಕೊಡದ ನೀರು. ನನಗೆ ಗೊತ್ತಿರುವುದು ಕತ್ತಲಲ್ಲಿ ಕಾದು ಕೂತ ನೀರು ಒಂದೇ. ಅದಕ್ಕೆ ನಾವೆಲ್ಲ ಬೇಕಾದವರೋ ಅಲ್ಲವೋ ತಿಳಿಯದು. ಅದು ಈಗ ಎಷ್ಟು ಕೆಳಗಿದೆಯೋ ಅಷ್ಟಕ್ಕೂ ಇನ್ನೊಮ್ಮೆ ಇಳಿಯಬೇಕೆನಿಸುತ್ತದೆ. ಮುಟ್ಟಲು ನನ್ನಲ್ಲಿ ಏನೂ ಉಳಿದಿಲ್ಲ. ಆದರೂ ಇಳಿಯಬೇಕೆನಿಸುತ್ತದೆ.