ಮಂಜಿನಲ್ಲಿ ಕರಿಯನ ಗಂಟೆ

ಮಾರಕ್ಕ ಹೊಳೆಯವಳು. ಹೊಗೇನಕಲ್ಲಿನ ಕೆಳಗೆ ಕಾವೇರಿ ದಡದಲ್ಲಿ ಹುಟ್ಟಿ, ನಡೆಯೋದಕ್ಕಿಂತ ಮುಂಚೆ ಹರಿಗೋಲಲ್ಲಿ ಕೂರೋದು ಕಲಿತವಳು. ಅವಳ ಗಂಡ ಸಣ್ಣಯ್ಯನೋ, ಕುರಿ ಕಾಯೋರ ಪೈಕಿ. ಮೊಣಕಾಲುದ್ದ ನೀರು ಕಂಡರೆ ಸಾಕು, ಮೈಯೆಲ್ಲ ಬೆವರುವ ಗಂಡಸು. ಮೆಟ್ಟೂರು ಡ್ಯಾಮ್ ಕಟ್ಟಿದ ಮೇಲೆ ಕೊಳತ್ತೂರು ಕಡೆಯ ಅವರ ಹೊಲ, ಹುಲ್ಲುಗಾವಲು ಎಲ್ಲ ನೀರಿನ ಹೊಟ್ಟೆ ಸೇರಿತು. ಇನ್ನೇನು ಮಾಡ್ತಾರೆ? ಹೆಂಡತಿ ಬಲೆ ಹಿಡಿದಳು, ಗಂಡ ದಡದಲ್ಲಿ ಕೂತ. ಊರವರು ನಕ್ಕರು. ನಗಲಿ ಬಿಡಿ, ಅವರ ಮನೆ ಸಾರಿಗೂ ಮೀನು ಹಾಕಿದವಳು ಅವಳೇ.

ಹೊಳೆಯಲ್ಲಾದರೆ ಮಂಜು ಬಿದ್ದರೂ ಹೆದರಿಕೆಯಿಲ್ಲ. ಕೈ ನೀರಿಗಿಟ್ಟರೆ ಸೆಳವು ಯಾವ ಕಡೆ ಅಂತ ತಿಳಿಯುತ್ತೆ, ಸೆಳವು ತಿಳಿದರೆ ದಡ ತಿಳಿದ ಹಾಗೇ. ಈ ಡ್ಯಾಮಿನ ನೀರಿಗೆ ಸೆಳವೇ ಇಲ್ಲ, ಸತ್ತ ನೀರು. ಮೊದಲ ವರ್ಷ ಸಂಕ್ರಾಂತಿ ಹೊತ್ತಿನ ತೈ ತಿಂಗಳ ಮಂಜಲ್ಲಿ ಸಿಕ್ಕಿಕೊಂಡು, ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಸುಸ್ತಾಗಿ ಬಂದಿದ್ದಳು. ಆಮೇಲೆ ಸಣ್ಣಯ್ಯನೇ ಒಂದು ಉಪಾಯ ಮಾಡಿದ. ಅದಕ್ಕೆ ಶಹಬ್ಬಾಸ್ ಅನ್ನಬೇಕು, ಅನ್ನೋಣ. ಮಂದೆಯ ಟಗರು ಕರಿಯನನ್ನು ದಡದ ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟೋದು, ಬಾಯಿಗೆ ಎಟುಕಿಯೂ ಎಟುಕದ ಹಾಗೆ ಜಾಲಿಸೊಪ್ಪಿನ ಕಟ್ಟು ನೇತುಹಾಕೋದು. ಕರಿಯ ಕತ್ತು ಚಾಚಿ ಚಾಚಿ ಎಳೆದಾಗೆಲ್ಲ ಕೊರಳ ಗಂಟೆ ಬಡಿಯುತ್ತೆ. ಆ ಸದ್ದು ಹಿಡಿದು ಮಾರಕ್ಕ ದಡಕ್ಕೆ ಬರೋದು.

"ನಾ ಬದುಕಿರೋವರ್ಗೂ ಈ ಗಂಟೆ ನಿಲ್ಲಾಕಿಲ್ಲ ಕಣೇ ಮಾರಿ" ಅಂದಿದ್ದ. ಅವಳು ಆ ಮಾತನ್ನು ನಂಬಿದಳು. ಗಂಡನ ಮಾತನ್ನಲ್ಲದೆ ಇನ್ಯಾರ ಮಾತನ್ನು ನಂಬಬೇಕಿತ್ತು?

ಆವತ್ತು ಬೆಳಿಗ್ಗೆ ಮಂಜು ಎಂಥದ್ದು ಅಂದರೆ, ಹುಟ್ಟು ಹಾಕಿದರೆ ಹುಟ್ಟಿನ ತುದಿ ಕಾಣದು. ಮಾರಕ್ಕ ತಮ್ಮ ಮುಳುಗಿದ ಹೊಲದ ಮೇಲೆ ಬಲೆ ಎಳೆಯುತ್ತಿದ್ದಳು. ಬಲೆ ಭಾರವಾಗಿತ್ತು, ಮನಸ್ಸು ಹಗುರವಾಗಿತ್ತು. ಹಿಂದೆ ಗಂಟೆ ಬಡೀತಾನೇ ಇತ್ತು. ಇದ್ದಕ್ಕಿದ್ದ ಹಾಗೆ ಆ ಸದ್ದು ಜಾಗ ಬಿಟ್ಟು ಕದಲಿತು. ದಿಬ್ಬ ಹತ್ತಿ ಊರ ಕಡೆ ಹೊರಟಿತು.

"ಓ ಇವ್ನೇ! ಕರಿಯನ್ನ ಎತ್ತ ಹೊಡ್ಕಂಡೋಯ್ತಿದ್ದೀಯ?" ಅಂತ ಗಂಟಲು ಹರಿಯೋ ಹಾಗೆ ಕೂಗಿದಳು.

ಗಂಟೆ ನಿಂತಿತು. ಸದ್ಯ, ಅಂತ ಅವಳು ಉಸಿರು ಬಿಟ್ಟಳು. ಅಷ್ಟರಲ್ಲಿ ಮತ್ತೆ ಬಡಿಯಿತು, ಇನ್ನೂ ದೂರದಲ್ಲಿ. ಮತ್ತೆ ಕೂಗಿದಳು, ಮತ್ತೆ ಮತ್ತೆ ಕೂಗಿದಳು. ಆಮೇಲೆ ಏನೂ ಕೇಳಿಸಲಿಲ್ಲ.

ಮಂಜಲ್ಲಿ ದಿಕ್ಕು ತಪ್ಪಿದರೆ ಏನು ಮಾಡಬೇಕು ಅಂತ ಅವಳಪ್ಪ ಹೇಳಿಕೊಟ್ಟಿದ್ದ. ಎದ್ದು ನಿಲ್ಲಬಾರದು, ಬಲೆ ಒಳಗೆಳೆದುಕೊಳ್ಳಬೇಕು, ಏನು ಸಿಕ್ಕರೆ ಅದಕ್ಕೆ ಹರಿಗೋಲು ಕಟ್ಟಿ, ಹುಟ್ಟು ಮಡಿಲಲ್ಲಿಟ್ಟು ಬಿಸಿಲಿಗೆ ಕಾಯಬೇಕು. ಹಾಗೇ ಮಾಡಿದಳು. ಮುಳುಗಿದ ಹುಣಸೆಮರದ ಒಣಕೊಂಬೆ ಕೈಗೆ ತಗುಲಿತು, ಹಗ್ಗ ಬಿಗಿದು ಮುದುಡಿ ಕೂತಳು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಅಲ್ಲೇ ಕೂತಿದ್ದರೆ ಅವಳಿಗೆ ಏನೂ ಆಗುತ್ತಿರಲಿಲ್ಲ.

ಆದರೆ ತಲೆ ಸುಮ್ಮನಿರಬೇಕಲ್ಲ. ಅವನಾಗಿ ಗಂಟೆ ಬಿಟ್ಟು ಹೋಗೋನಲ್ಲ ಅಂದುಕೊಂಡಳು. ಹಂಗಾದ್ರೆ ಯಾರೋ ಕಳ್ಳರು ಟಗರು ಹೊಡ್ಕಂಡು ಹೋಗವ್ರೆ. ಇವನು ಅಡ್ಡ ಹೋಗಿರ್ತಾನೆ. ತಲೆ ಒಡೆಸಿಕೊಂಡು ದಡದ ಮೇಲೆ ಬಿದ್ದಿರ್ತಾನೆ, ನೀರು ಕೊಡೋರೂ ಇಲ್ಲದೆ. ಅಯ್ಯೋ ದೇವರೇ! ಹಗ್ಗ ಬಿಚ್ಚಿಯೇಬಿಟ್ಟಳು.

ದಡ ಎಲ್ಲಿ ಅಂತ ಗೊತ್ತಿಲ್ಲದೆ ಹುಟ್ಟು ಹಾಕಿದಳು. ಮುಳುಗಿದ ಹೊಲದ ಕಲ್ಲುಗೋಡೆಗೆ ಹರಿಗೋಲು ಉಜ್ಜಿ ತಳದ ತೊಗಲು ಹರಿಯಿತು. ನೀರು ಬುಳಬುಳ ಒಳಗೆ ನುಗ್ಗಿತು. ಸೆರಗು ಹರಿದು ತೂತಿಗೆ ತುರುಕಿ, ಅದರ ಮೇಲೆ ಮೊಣಕಾಲೂರಿ ಕೂತು, ಒಂದು ಕೈಯಲ್ಲಿ ನೀರು ಮೊಗೆಯುತ್ತ ಇನ್ನೊಂದು ಕೈಯಲ್ಲಿ ಹುಟ್ಟು ಹಾಕಿದಳು. ಹಿಡಿದ ಮೀನನ್ನೆಲ್ಲ ಭಾರ ಅಂತ ನೀರಿಗೇ ಸುರಿದಳು. ಸತ್ತರೆ ಸಾಯೋಣ, ಅವನ ಮುಖ ಒಂದ್ಸಲ ನೋಡಿ ಸಾಯೋಣ ಅಂತ ಅಳುತ್ತಿದ್ದಳು, ಹುಚ್ಚಿ.

ಬಿಸಿಲು ಏರಿ ಮಂಜು ಹರಿದಾಗ ಎಲ್ಲೋ ದೂರದ ದಡ ಸಿಕ್ಕಿತು. ಹರಿಗೋಲನ್ನು ಅಲ್ಲೇ ಬಿಟ್ಟು ಕಲ್ಲುಮುಳ್ಳು ನೋಡದೆ ಕರಿಯನ ಗೂಟದ ಕಡೆ ಓಡಿದಳು. ಗೂಟ ಇತ್ತು, ಸೊಪ್ಪಿನ ಕಟ್ಟು ನೇತಾಡುತ್ತಿತ್ತು. ರಕ್ತ ಇಲ್ಲ, ಗಂಡನೂ ಇಲ್ಲ. ಊರಿಗೆ ಓಡಿದಳು.

ಬಾವ, ಅಂದರೆ ಸಣ್ಣಯ್ಯನ ಅಣ್ಣ ಮುನಿವೆಂಕಟಪ್ಪನ ಮನೆ ಮುಂದೆ ಚಪ್ಪರ ಹಾಕಿತ್ತು. ಮಸಾಲೆ ಘಮ್ಮನ್ನುತ್ತಿತ್ತು. ಬಾವನ ಮಗಳನ್ನು ಕೇಳೋಕೆ ಪೆನ್ನಾಗರಂ ಕಡೆಯ ಬೀಗರು ಬಂದು ಸಾಲಾಗಿ ಕೂತಿದ್ದರು. ಅವರ ಮುಂದೆ ಬಗ್ಗಿ ಬಗ್ಗಿ ಬಾಡು ಬಡಿಸುತ್ತಿದ್ದವನು ಸಣ್ಣಯ್ಯ. ತಲೆ ಒಡೆದಿರಲಿಲ್ಲ, ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ.

"ಬಂದ್ಯಾ ಮಾರಿ? ವಾಂಗ, ಉಕ್ಕಾರುಂಗ, ಬನ್ನಿ ಕೂತ್ಕಳಿ ಅಂತ ನೆಂಟ್ರನ್ನ ಕೂರಿಸೋದ್ರಲ್ಲಿ ಸಾಕಾಗೋಯ್ತು. ಕೂತ್ಕ, ಊಟ ಮಾಡು" ಅಂತ ಅವಳನ್ನು ಮೂಲೆಯಲ್ಲಿ ಕೂರಿಸಿ ಎಲೆ ಹಾಕಿದ. ಅವಳ ಸೀರೆಯಿಂದ ನೀರಿಳಿದು ನೆಲ ನೆನೆಯಿತು. ಎಲೆ ಮೇಲೆ ಬಿದ್ದದ್ದು ಕರಿಯ.

"ಮಂದೆ ಕಾಡಲ್ಲಿತ್ತು, ಕೈಗೆ ಸಿಕ್ಕಿದ್ದು ಕರಿಯ ಒಬ್ನೇ. ಬೀಗ್ರು ಹೇಳ್ದೆ ಕೇಳ್ದೆ ಬಂದ್ಬುಟ್ರು. ಅಣ್ಣ ಕೇಳ್ದ, ಇಲ್ಲ ಅನ್ನಕ್ಕಾಯ್ತದಾ?" ಅಂದ ಮೆಲ್ಲಗೆ.

"ಟಗರು ಕೊಟ್ಟೆ, ಸರಿ. ನಿನ್ನ ಗಂಟ್ಲು ಎಲ್ಲಿಗ್ ಹೋಗಿತ್ತು? ದಡದಲ್ಲಿ ನಿಂತು ಕೂಗಕ್ಕೆ ಏನಾಗಿತ್ತು?"

"ಟಗರು ಕೊಯ್ಯಾಕೆ ನಾನೇ ಬೇಕು ಅಂದ ಕಣೇ. ನೀನು ಕೂಗಿದ್ದು ಕೇಳಿಸ್ಲೇ ಇಲ್ಲ, ದೇವ್ರಾಣೆ. ಕೇಳಿಸಿದ್ರೆ ಬಿಟ್ ಬರ್ತಿದ್ನಾ?"

ಮಾರಕ್ಕ ಎಲೆ ಹತ್ತಿರಕ್ಕೆಳೆದುಕೊಂಡಳು. ಕೇಳಿಸಿಲ್ಲ. ಮಂಜು ನುಂಗಿಬಿಟ್ಟಿದೆ. ಪಾಪ, ಅಣ್ಣನ ಮುಂದೆ ಬಾಯಿ ಬರೋಲ್ಲ ಇವನಿಗೆ. ಅಂದುಕೊಂಡು ತುತ್ತಿಗೆ ಕೈ ಹಾಕಿದಳು.

ಸಾರಿನ ಪಾತ್ರೆ ಹಿಡಿದು ಬಂದ ಮುನಿವೆಂಕಟಪ್ಪನಿಗೆ ಈ ಮಾತು ಒಂದೂ ಕೇಳಿರಲಿಲ್ಲ. ಸಡಗರದಲ್ಲಿ ನಗುತ್ತ ಅಂದ: "ಏನಮ್ಮಾ ನಿನ್ ಗಂಟ್ಲು! ಅಷ್ಟು ದೂರದಿಂದ ಕೂಗಿದ್ದು ಕಿವಿಗೆ ಬಡೀತು. ಇವ್ನು ನಿಂತ್ಬುಟ್ಟ ಕಣಮ್ಮ, 'ಅಣ್ಣ, ಕೂಗ್ತಾವ್ಳೆ' ಅಂದ. 'ಬಾರ್ಲಾ, ಹೊಳೆ ಮಗ್ಳು, ನೀರೇ ತಂದು ಬಿಡ್ತೈತೆ' ಅಂದೆ. ಬಂದ."

ಸಣ್ಣಯ್ಯ ಪಕ್ಕದ ಎಲೆಗೆ ಬಡಿಸೋಕೆ ಬಗ್ಗಿದ. ಎತ್ತಿ ತೋರಿಸೋ ಮುಖ ಎಲ್ಲಿತ್ತು?

ಮಾರಕ್ಕ ಎಲೆ ಬಿಟ್ಟು ಎದ್ದಳು. ಬೀಗರ ಎದುರು ಬಿಟ್ಟೆದ್ದ ಎಲೆ ಅಂದರೆ ಮನೆತನಕ್ಕೇ ಅವಮಾನ. "ಲೇ, ಕೂತ್ಕಳೇ, ಮಾನ ತೆಗೀಬ್ಯಾಡ" ಅಂತ ಸಣ್ಣಯ್ಯ ಅವಳ ಕೈ ಹಿಡಿದ. ಅವಳು ಬಿಡಿಸಿಕೊಂಡಳು.

"ಕಳ್ಳರು ನಿನ್ನ ಹೊಡೆದಾಕವ್ರೆ ಅಂತ ಹರಿದ ಹರಿಗೋಲಲ್ಲಿ ಬಂದೆ ಕಣಯ್ಯ. ಹೊಡೆದಾಕಿದ್ರೇ ಚೆನ್ನಾಗಿತ್ತು. ನನ್ ಗಂಡ ಅಂತ ಬಾಯಿ ತುಂಬ ಅಳ್ತಿದ್ದೆ."

ಹಾಗಂದು ಚಪ್ಪರ ದಾಟಿ, ತವರಿಗೆ, ಹೊಗೇನಕಲ್ಲಿನ ದಾರಿ ಹಿಡಿದಳು.