ಕೇಳುವ ಮೊದಲೇ ಕೊಡುವ ಕೈ

ಆಪರೇಷನ್ ಥಿಯೇಟರಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅಕ್ಕನಿಗೆ ಒಂದೇ ಹೆಮ್ಮೆ. ದೊಡ್ಡ ಡಾಕ್ಟರು ಅವಳ ಹತ್ತಿರ ಬಾಯಿ ಬಿಟ್ಟು ಏನನ್ನೂ ಕೇಳಬೇಕಾಗಿರಲಿಲ್ಲ. ಅವರು ಕೈ ಚಾಚುವಷ್ಟರಲ್ಲಿ ಬೇಕಾದ ಕತ್ತರಿಯೋ ಚಿಮ್ಮಟವೋ ದಾರವೋ ಅಂಗೈಯಲ್ಲಿ ಕೂತಿರುತ್ತಿತ್ತು. ಕೇಳಿಸಿಕೊಂಡು ಕೊಡೋದು ಅಂಗಡಿಯವನ ಕೆಲಸ, ನಮ್ಮದಲ್ಲ ಎಂದು ಹೊಸ ಹುಡುಗಿಯರನ್ನು ಗದರುತ್ತಿದ್ದಳು. ಹದಿನೆಂಟು ವರ್ಷ ಹೀಗೇ ನಡೆದು ನಡೆದು, ಲೋಕವೆಲ್ಲ ಹಾಗೇ ನಡೆಯುತ್ತದೆ ಎಂದುಕೊಂಡುಬಿಟ್ಟಿದ್ದಳು. ಎಡವಿದ್ದು ಅಲ್ಲೇ.

ನಿಂತು ನಿಂತು ಅವಳ ಕಾಲಿನ ನರಗಳು ಹುರಿಹಗ್ಗದಂತೆ ಉಬ್ಬಿದ್ದವು. ಕೆಲಸದ ನಡುವೆ ಕೂರುವಂತಿಲ್ಲ. ಸಾಲದ್ದಕ್ಕೆ ತಿಂಗಳಿಗೆ ಹತ್ತು ಹೆಚ್ಚುವರಿ ಪಾಳಿ. ಪಾಳಿ ಬಿಡದಿದ್ದರೆ ಕಾಲೇ ನಿನ್ನನ್ನು ಬಿಡುತ್ತೆ ಎಂದು ದೊಡ್ಡ ಡಾಕ್ಟರು ಹೇಳಿ ಎರಡು ತಿಂಗಳಾಗಿತ್ತು. ಬಿಟ್ಟರೆ ಮನೆ ನಡೆಯಬೇಕಲ್ಲ? ಗಂಡನ ಹೊಲಿಗೆ ಅಂಗಡಿಯ ಸಂಪಾದನೆ ಮನೆ ಬಾಡಿಗೆಗೆ ಸಾಕಾದರೆ ಪುಣ್ಯ. ಪ್ರತಿ ವರ್ಷ ಸಂಬಳದ ಚೀಟಿ ನೋಡಿ, ಬರೋ ವರ್ಷ ಆಸ್ಪತ್ರೆಯವರಿಗೇ ಗೊತ್ತಾಗುತ್ತೆ ಬಿಡಿ ಎನ್ನುತ್ತಿದ್ದಳು. ಅಳದಿದ್ದರೆ ಹೆತ್ತ ತಾಯಿನೂ ಹಾಲು ಕೊಡಲ್ಲ ಕಣೇ ಎಂದು ಗಂಡ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೇಳುತ್ತಿದ್ದ. ಹೊಲಿಗೆಯವನಿಗೆ ಥಿಯೇಟರಿನ ರೀತಿ ಏನು ಗೊತ್ತು ಎಂದು ಅಕ್ಕ ಮೂತಿ ತಿರುಗಿಸುತ್ತಿದ್ದಳು.

ಆ ಸೋಮವಾರ ಮ್ಯಾನೇಜರು ಅವಳನ್ನು ಕರೆಸಿದರು. ಒಂದೇ ವರ್ಷದಲ್ಲಿ ಮೂವರು ನರ್ಸುಗಳು ಕೆಲಸ ಬಿಟ್ಟಿದ್ದರು, ಆಪರೇಷನ್ನುಗಳು ಮುಂದಕ್ಕೆ ಹೋಗುತ್ತಿದ್ದವು. ಹೊಸಬಳೊಬ್ಬಳು ಬಂದಿದ್ದಾಳೆ, ಕೈ ಹೇಗಿದೆ ನೋಡಿ ಹೇಳಿ ಎಂದರು. ನೋಡಿದರೆ ಕುರ್ಚಿಯಲ್ಲಿ ಗುಬ್ಬಿ ಕೂತಿದ್ದಾಳೆ.

ಗುಬ್ಬಿ ಅಂತ ಹೆಸರಿಟ್ಟವಳೇ ಅಕ್ಕ. ಎರಡು ವರ್ಷದ ಹಿಂದೆ ಇವಳ ಕೈಕೆಳಗೆ ಎಂಟು ತಿಂಗಳು ಕೆಲಸ ಕಲಿತು ಬೇರೆ ಆಸ್ಪತ್ರೆಗೆ ಹಾರಿದ್ದ ಹುಡುಗಿ. ಮೊದಲ ದಿನ ರಕ್ತ ಕಂಡು ತಟ್ಟೆ ಸಮೇತ ಧೊಪ್ಪನೆ ಬಿದ್ದಿದ್ದಳು. ಈಗ ಥಿಯೇಟರಿಗೆ ಕರೆದೊಯ್ದು ನೋಡಿದರೆ, ಅದೇ ಹುಡುಗಿ ಉಪಕರಣಗಳನ್ನೆಲ್ಲ ಒಂದೂ ತಪ್ಪದಂತೆ ಸಾಲಾಗಿ ಜೋಡಿಸಿದಳು. ಅಕ್ಕ ಒಳಗೊಳಗೇ ಹಿಗ್ಗಿ, ಮ್ಯಾನೇಜರ ಕೋಣೆಗೆ ಮರಳಿ ಒಪ್ಪಿಗೆಯ ಸಹಿ ಹಾಕಲು ಅರ್ಜಿ ಎಳೆದುಕೊಂಡಳು.

‘ನಿರೀಕ್ಷಿಸುವ ಸಂಬಳ’ ಎಂಬ ಕಡೆ ದುಂಡಗೆ ಬರೆದಿತ್ತು: ನಲವತ್ತೆರಡು ಸಾವಿರ.

ಹತ್ತು ಪಾಳಿ ಸೇರಿಸಿಯೂ ಅಕ್ಕನಿಗೆ ಬರುತ್ತಿದ್ದದ್ದು ಇಪ್ಪತ್ತೇಳು. ಈ ಹುಡುಗಿ ರಕ್ತ ಒರೆಸಿದ ಹತ್ತಿಬಟ್ಟೆ ಎಣಿಸುವುದರಲ್ಲೂ ತಪ್ಪುತ್ತಿದ್ದಳಲ್ಲ, ಪಾಪ, ಇಲ್ಲೂ ಹಾಗೇ ಆಗಿದೆ ಎಂದುಕೊಂಡಳು.

“ಸಾರ್, ಇಲ್ಲಿ ತಪ್ಪು ಬರೆದಿದ್ದಾಳೆ. ತಿದ್ದಿಸಲಾ?”

ಮ್ಯಾನೇಜರು ಇಣುಕಿ ನೋಡಿದರು. “ತಪ್ಪೇನಿಲ್ಲ ಸಿಸ್ಟರ್, ಈಗ ನಡೀತಿರೋದೇ ಅಷ್ಟು. ಸಹಿ ಹಾಕಿ.”

ಸಹಿ ಹಾಕಿದಳು. ಹೇಗೆ ಹಾಕಿದಳೋ, ಅವಳಿಗೇ ತಿಳಿಯದು. ಹೊರಗೆ ಬಂದರೆ ಗುಬ್ಬಿ ಓಡಿಬಂದು ಕೈ ಹಿಡಿದಳು.

“ಬೇಜಾರಾಯ್ತಾ ಅಕ್ಕಾ? ಆ ಆಸ್ಪತ್ರೇಲಿ ನಲವತ್ತೈದು ಕೊಡ್ತೀವಿ ಅಂದಿದ್ರು. ನಿಮಗೆ ಅರವತ್ತಾದ್ರೂ ಇರುತ್ತೆ, ಆದ್ರೂ ಕಲಿಸಿದವರ ಸಂಬಳದ ಹತ್ತಿರಕ್ಕೆ ಬಂದುಬಿಡಬಾರದು ಅಂತ ಕಡಿಮೆ ಬರೆದೆ.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಮರ್ಯಾದೆಗೆ ಏನು ಹೇಳುವುದು? ಇಪ್ಪತ್ತೇಳು ಎಂಬ ಮಾತು ಕೊನೆಗೂ ಹೊರಡಲಿಲ್ಲ. ಹುಡುಗಿಯ ಬೆನ್ನು ತಟ್ಟಿ ಕಳಿಸಿದಳು. ಆಮೇಲೆ ತಿರುಗಿ ಒಳಗೆ ನುಗ್ಗಿದಳು.

ನನ್ನ ಫೈಲು ತೆಗೆಸಿ ಎಂದಳು. ಬಂತು. ಹದಿನೆಂಟು ವರ್ಷದ ಹಳೆಯ ಅರ್ಜಿ, ಅದೇ ಪ್ರಶ್ನೆ. ಮುಂದೆ ಅವಳದೇ ಕೈಬರಹ: ‘ತಮಗೆ ಯೋಗ್ಯವೆಂದು ಕಂಡಷ್ಟು.’ ಅದನ್ನು ಓದಿ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು. ಪೆನ್ನು ಕಿತ್ತುಕೊಂಡು ಆ ಸಾಲಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಐವತ್ತೈದು ಸಾವಿರ ಎಂದು ಬರೆದಳು.

“ಹೆಚ್ಚುವರಿ ಪಾಳಿ ಮಾಡಲ್ಲ. ಆಗಲ್ಲ ಅಂದ್ರೆ ಇವತ್ತೇ ಲೆಕ್ಕ ಮುಗಿಸಿ.”

ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದಳು. ಉಗಿಯಲು ಹದಿನೆಂಟು ವರ್ಷದ ಮಾತುಗಳು ಗಂಟಲಲ್ಲಿ ಸಾಲುಗಟ್ಟಿದ್ದವು. ಮ್ಯಾನೇಜರು ಕಂಪ್ಯೂಟರಿನಿಂದ ಕಣ್ಣು ಎತ್ತಲಿಲ್ಲ.

“ಐವತ್ತೆರಡು ಮಾಡೋಣ. ಪಾಳಿ ಬೇಡ. ಮುಂದಿನ ತಿಂಗಳಿಂದ. ಆಯ್ತಾ?”

ಅಷ್ಟೇ. ಒಂದು ಸೂಜಿಗೆ ದಾರ ಪೋಣಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಅವರು ಇಲ್ಲ ಎಂದಿದ್ದರೆ ಅಕ್ಕನಿಗೆ ಇಷ್ಟು ಪೆಟ್ಟಾಗುತ್ತಿರಲಿಲ್ಲ.

“ನಾನು ಹೋದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಿತ್ತಾ ಸಾರ್?”

“ಥಿಯೇಟರ್ ನಿಲ್ಲುತ್ತೆ. ದೊಡ್ಡ ಡಾಕ್ಟರು ಹತ್ತು ವರ್ಷದಿಂದ ಹೇಳ್ತಾನೇ ಇದ್ದಾರೆ.” ಮ್ಯಾನೇಜರು ಎಂಟರ್ ಒತ್ತಿದರು. “ನೀವು ಕೇಳಲಿಲ್ಲ, ನಾವು ಕೊಡಲಿಲ್ಲ.”

ಅವರಿಗೆ ಗೊತ್ತಾಗಲಿ ಅಂತ ಅಕ್ಕ ಕಾದಿದ್ದಳು, ಅವರಿಗೆ ಗೊತ್ತಿತ್ತು. ಅವಳು ನಿಂತಿದ್ದ ಒಂದೊಂದು ಪಾಳಿಯೂ ಗೊತ್ತಿತ್ತು.

ಅಕ್ಕ ಎದುರಿನ ಕುರ್ಚಿ ಎಳೆದು, ಯಾರೂ ಹೇಳದೆಯೇ ಕೂತಳು. ಮ್ಯಾನೇಜರು ಆಗ ತಲೆ ಎತ್ತಿ, ಇನ್ನೇನಾದರೂ ಇದೆಯೇ ಎಂದು ಕೇಳಿದರು.

“ಕಾಗದದಲ್ಲಿ ಬರೆದು ಕೊಡಿ,” ಎಂದಳು. “ಅಲ್ಲೀವರೆಗೂ ಏಳಲ್ಲ.”