ದೊರೆಯ ಕುತ್ತಿಗೆಯ ಗಂಟು

ಒಂದೂರಿನಲ್ಲಿ ಒಬ್ಬ ದೊರೆಯಿದ್ದನಂತೆ. ಅವನಿಗೆ ರಾಜ್ಯವಿರಲಿಲ್ಲ, ಕಿರೀಟವಿರಲಿಲ್ಲ. ಇದ್ದದ್ದು ನಾಲ್ಕು ಕಾಲು, ಒಂದು ಬಾಲ, ದರ್ಜಿ ಅಂಗಡಿಯ ಕಿಟಕಿಯ ಬಳಿ ಹಳೆ ಕೋಟಿನ ತುಂಡುಗಳ ಸಿಂಹಾಸನ. ಬೂದು ಬಣ್ಣದ, ಮುಪ್ಪು ಹತ್ತಿದ ಗಂಡುಬೆಕ್ಕು, ಹೆಸರೇ ದೊರೆ. ಒಂದು ದಿನ ಅವನ ಎಡಗಿವಿಯ ಕೆಳಗೆ, ಕುತ್ತಿಗೆಯ ಕೂದಲ ನಡುವೆ ಒಂದು ಗಂಟು ಹುಟ್ಟಿಕೊಂಡಿತಂತೆ.

ಕಂಡುಹಿಡಿದವಳು ಅತ್ತೆ. ಅಂಗಡಿ ಅವಳದ್ದು, ಬೆಕ್ಕೂ ಅವಳದ್ದು. ಅವಳ ಅಣ್ಣನ ಮಗಳು ಪುಟ್ಟಿ ಅಲ್ಲೇ ಗುಂಡಿ ಹಚ್ಚುತ್ತಾ ಕಸುಬು ಕಲಿಯುತ್ತಿದ್ದಳು. ಕಲಿಯುತ್ತಿದ್ದಳು ಎಂದು ಅತ್ತೆ ಬಂದವರಿಗೆ ಹೇಳುತ್ತಿದ್ದಳು, ಅಷ್ಟೆ. ಅಜ್ಜಿಯ ಕತೆ ಕೇಳಿ ಬೆಳೆದ ಆ ಹುಡುಗಿಯ ಮನಸ್ಸು ಸೂಜಿಯ ತುದಿಯಲ್ಲಿ ನಿಂತದ್ದೇ ಕಡಿಮೆ.

ಯಾವ ಬಟ್ಟೆಯಾದರೂ ಸರಿ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಮ್ಮೆ ತಿಕ್ಕಿದರೆ ಅತ್ತೆಗೆ ನೂಲಿನ ಜಾತಕವೆಲ್ಲ ತಿಳಿಯುತ್ತಿತ್ತು. ಗಂಟನ್ನೂ ಹಾಗೆಯೇ ಹಿಡಿದಳು. ಬೆಳಿಗ್ಗೆ ಅಂಗಡಿ ತೆರೆದೊಡನೆ ಒಮ್ಮೆ, ಮುಚ್ಚುವಾಗ ಒಮ್ಮೆ, ನಡುವೆ ನೆನಪಾದಾಗಲೆಲ್ಲ. ಇವತ್ತು ಮೆತ್ತಗಿದೆ, ಇವತ್ತು ಗಟ್ಟಿಯಾಗಿದೆ ಎಂದು ತೀರ್ಪು ಕೊಡುತ್ತಿದ್ದಳು. ಅತ್ತೆ ಬೆನ್ನು ತಿರುಗಿಸಿದರೆ ಪುಟ್ಟಿಯ ಸರದಿ. ಪಕ್ಕದ ಇಸ್ತ್ರಿ ಅಂಗಡಿಯವನೂ ಬಂದಾಗಲೆಲ್ಲ ತನ್ನ ಅಭಿಪ್ರಾಯವೊಂದಿರಲಿ ಎಂದು ಹಿಸುಕಿ ಹೋಗುತ್ತಿದ್ದ. ಬೆಳೆದಿದೆಯೋ ಇಲ್ಲವೋ ನೋಡೋಣವೆಂದು ಅತ್ತೆ ಅದರ ಸುತ್ತ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆದದ್ದೂ ಆಯಿತು. ದೊರೆ ಮುಂಗಾಲಿನಿಂದ ಒರೆಸಿ ಒರೆಸಿ ಮೂತಿಯನ್ನೆಲ್ಲ ನೀಲಿ ಮಾಡಿಕೊಂಡ.

ಕಡಲೆಬೇಳೆಯಷ್ಟಿದ್ದ ಗಂಟು ದಪ್ಪವಾಗಿ ಕೆಂಪಾದಾಗ ಅತ್ತೆ, ಪುಟ್ಟಿ, ದೊರೆ ಮೂವರೂ ಪ್ರಾಣಿಗಳ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಅಲ್ಲಿನ ಕೂದಲು ಬೋಳಿಸಿ, ಗಂಟಿಗೆ ಸಣ್ಣ ಸೂಜಿ ಚುಚ್ಚಿ, ಬಂದದ್ದನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಪುಟ್ಟಿ ತಾನೂ ನೋಡಲೇ ಎಂದು ಕೇಳಿದಳು. ಒಳಗೆ ಯಾರೋ ನೇರಳೆ ಮಣಿಗಳನ್ನು ಚೆಲ್ಲಿ ಮರೆತುಹೋದಂತಿತ್ತು. ಇಷ್ಟು ಚೆಂದದ್ದು ಕೆಟ್ಟದ್ದಾಗಿರಲು ಸಾಧ್ಯವೇ ಎಂದುಕೊಂಡಳು.

ಕೆಟ್ಟ ಜಾತಿಯದ್ದಲ್ಲ ಎಂದೇ ಡಾಕ್ಟರಮ್ಮನಿಗೂ ಅನಿಸಿತು. ಆದರೆ ಪೂರ್ತಿ ತೆಗೆದು ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳಲಾಗದು ಎಂದರು. ಆಮೇಲೆ ಕನ್ನಡಕ ಮೇಲಕ್ಕೇರಿಸಿ ಕೇಳಿದರು, "ಇದನ್ನ ದಿನಾ ಹಿಸುಕ್ತಾ ಇರೋದು ಯಾರು?"

ಅತ್ತೆ ಸೂರು ನೋಡಿದಳು. "ಇಸ್ತ್ರಿಯವನು," ಎಂದಳು.

ಪುಟ್ಟಿಗೆ ನಗು ತಡೆಯಲಾಗಲಿಲ್ಲ. "ನಾವೂನೂ," ಎಂದಳು.

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರೆ. ನಿಮ್ಮಲ್ಲಿ ಪ್ರಾಣಸಂಕಟ ಬೆಕ್ಕಿಗೇ ಬಂದಿದೆಯಲ್ಲಮ್ಮ."

ರಕ್ತ ಪರೀಕ್ಷೆಯಲ್ಲಿ ದೊರೆಯ ಮೂತ್ರಪಿಂಡ ದಣಿದಿರುವುದು ತಿಳಿಯಿತು. ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಏಳುವುದು ಕಷ್ಟವಾಗಬಹುದು. ಸ್ವಲ್ಪವೇ ಮಂಪರು ಕೊಟ್ಟು, ಅಲ್ಲಿ ಮಾತ್ರ ಮರಗಟ್ಟಿಸಿ ಕತ್ತರಿಸಬಹುದು. ಅದರಲ್ಲೂ ಅಪಾಯ ಇಲ್ಲದಿಲ್ಲ. ಬಿಟ್ಟರೆ ಹಾಗೇ ಇರಬಹುದು, ಒಡೆದು ಹುಣ್ಣಾಗಲೂಬಹುದು. ಅವನಿಗೆ ಅದರಿಂದ ತೊಂದರೆಯಿದೆಯೇ ಎಂದು ಡಾಕ್ಟರಮ್ಮ ಕೇಳಿದರು. ಅತ್ತೆ ಇಲ್ಲವೆಂದಳು: ತಿನ್ನುತ್ತಾನೆ, ಮಲಗುತ್ತಾನೆ, ಇಸ್ತ್ರಿಯವನನ್ನು ಕಂಡರೆ ಗುರ್ ಎನ್ನುತ್ತಾನೆ.

"ಒಂದು ವಾರ ಮುಟ್ಟೋ ಹಾಗಿಲ್ಲ, ಬರೀ ನೋಡಿ. ಆಮೇಲೆ ತೆಗೀಬೇಕೋ ಬೇಡ್ವೋ ನೀವೇ ಹೇಳ್ಬೇಕು. ತೆಗೆಯೋದಾದ್ರೆ ಅಲುಗಾಡದ ಹಾಗೆ ಹಿಡ್ಕೊಳ್ಳೋರೂ ನೀವೇ."

ಆಗಲಿ ಎಂದು ಅತ್ತೆ ಮಾತು ಕೊಟ್ಟಳು.

ಊರವರ ರೇಷ್ಮೆಗೆ ಕಣ್ಣು ಮಿಟುಕಿಸದೆ ಕತ್ತರಿ ಹಾಕುತ್ತಿದ್ದವಳು ದಾರಿಯುದ್ದಕ್ಕೂ ದೊರೆಯನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡೇ ನಡೆದಳು. ಬಾಗಿಲ ಬೀಗ ತೆಗೆಯುವಾಗ, "ಬಟ್ಟೆ ಕೆಟ್ರೆ ಬೇರೆ ತರಬಹುದು ಕಣೇ. ಇವನು ಕಣ್ಣೇ ಬಿಡದೆ ಹೋದ್ರೆ?" ಎಂದಳು.

ಪುಟ್ಟಿಯ ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ರಾಜಕುಮಾರನಿಗೆ ಒಂದು ಬಾಗಿಲು ಮಾತ್ರ ತೆಗೆಯಬೇಡವೆಂದರೆ ಅವನು ಮೊದಲು ತೆಗೆಯುತ್ತಿದ್ದದ್ದೇ ಅದನ್ನು. ಅತ್ತೆಯ ಬೆರಳುಗಳೂ ಅದೇ ವಂಶದವು. ದೊರೆ ಹತ್ತಿರ ಬಂದರೆ ಕೈಗಳನ್ನು ತೊಡೆಯಡಿ ಇಟ್ಟು ಕೂರುತ್ತಿದ್ದಳು. ಇಸ್ತ್ರಿಯವನಿಗೆ ಹೊಸ್ತಿಲಾಚೆಯಿಂದಲೇ ಮಾತಾಡಬೇಕೆಂದು ಅಪ್ಪಣೆಯಾಯಿತು. ಕೆಂಪು ತಾನಾಗಿಯೇ ಇಳಿಯಿತು. ಗಂಟು ಮಾತ್ರ ಕದಲಲಿಲ್ಲ.

ಮುಟ್ಟುವಂತಿಲ್ಲದ್ದರಿಂದ ಪುಟ್ಟಿ ನೋಡತೊಡಗಿದಳು. ದೊರೆ ಮಲಗುವ ಮುನ್ನ ಸಿಂಹಾಸನವನ್ನು ಎಷ್ಟು ಹೊತ್ತು ತುಳಿಯುತ್ತಾನೆ, ಬಿಸಿಲು ಜರುಗಿದಂತೆ ನಿದ್ದೆಯಲ್ಲೇ ಹೇಗೆ ಜರುಗುತ್ತಾನೆ ಎಂಬುದನ್ನೆಲ್ಲ ಕಂಡಳು. ಇನ್ನೊಂದನ್ನೂ ಕಂಡಳು. ಬಲಗಿವಿ ತುರಿಸಿದರೆ ಅವನು ಬಲ ಹಿಂಗಾಲೆತ್ತಿ ಪರಪರ ಕೆರೆದುಕೊಳ್ಳುತ್ತಿದ್ದ. ಎಡಗಾಲು ಮಾತ್ರ ಮೇಲೆದ್ದು, ಗಾಳಿಯಲ್ಲಿ ನಡುಗಿ, ಏನೋ ಮರೆತವರ ಹಾಗೆ ಕೆಳಗಿಳಿಯುತ್ತಿತ್ತು.

ಅತ್ತೆಗೆ ಹೇಳಿದರೆ, ವಯಸ್ಸಾಯಿತು, ಕೆರೆದುಕೊಳ್ಳಲೂ ಸೋಮಾರಿತನ ಎಂದಳು. ಆದರೂ ಮಧ್ಯಾಹ್ನ ಬಾಗಿಲು ಮುಂದೆ ಮಾಡಿ ಇಬ್ಬರೂ ನೆಲದ ಮೇಲೆ ಕುಳಿತರು. ಕಾಲು ಎದ್ದಿತು, ನಡುಗಿತು, ಇಳಿಯಿತು. ಮತ್ತೆ ಎದ್ದಿತು. ಈ ಸಲ ತಡೆಯಲಾರದೆ ಕೆರೆದೇಬಿಟ್ಟ. ಉಗುರು ಗಂಟಿಗೆ ಸಿಕ್ಕಿ ಒಂದು ಹನಿ ರಕ್ತ ಮೂಡಿತು. ದೊರೆ ಸದ್ದಿಲ್ಲದೆ ಹೊಲಿಗೆ ಯಂತ್ರದ ಹಿಂದೆ ಹೋಗಿ ಅಡಗಿದ.

"ಸೋಮಾರಿ ಅಂತ ಬೈದುಬಿಟ್ಟೆನಲ್ಲೇ," ಎಂದಳು ಅತ್ತೆ. ಆ ಮಧ್ಯಾಹ್ನ ಅವಳು ಯಂತ್ರ ತುಳಿಯಲಿಲ್ಲ.

ವಾರ ಕಳೆದು ಆಸ್ಪತ್ರೆಯ ಮೇಜಿನ ಮುಂದೆ ನಿಂತಾಗ ಅತ್ತೆ ಮೊದಲು ದೊರೆಯ ಎಡ ಹಿಂಗಾಲನ್ನು ನೇವರಿಸಿದಳು. ಪುಟ್ಟಿಗೆ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಮಾತು ಕೊಟ್ಟವಳು ಅತ್ತೆ. ಅವಳು ಯಾವ ಶಬ್ದ ಹುಡುಕಿ ತೆಗೆಯುತ್ತಾಳೋ ಎಂಬ ಕುತೂಹಲದಲ್ಲಿ ಪುಟ್ಟಿ ತುಟಿ ಕಚ್ಚಿ ನಿಂತಳು.

"ಅವನಿಗೆ ಕೆರ್ಕೊಳ್ಳೋಕೆ ಆಗ್ತಿಲ್ಲ ಡಾಕ್ಟ್ರೇ," ಎಂದಳು ಅತ್ತೆ ಕೊನೆಗೆ. "ಎಷ್ಟು ದಿನ ಇರ್ತಾನೋ, ಇರೋವಷ್ಟು ದಿನ ಕೆರ್ಕೊಂಡಿರ್ಲಿ. ತೆಗೆದ್ಬಿಡಿ."

ಮಂಪರು ಹತ್ತಿದ ದೊರೆಯ ತಲೆಯನ್ನೂ ಹೆಗಲನ್ನೂ ಅತ್ತೆ ಎರಡೂ ಅಂಗೈಗಳಲ್ಲಿ ಹಿಡಿದಳು. ಬೆರಳು ಒತ್ತಲಿಲ್ಲ, ತಿಕ್ಕಲಿಲ್ಲ, ಅದುರಲಿಲ್ಲ. ಗಂಟು ಪರೀಕ್ಷೆಗೆಂದು ಸೀಸೆ ಸೇರಿತು. ಡಾಕ್ಟರಮ್ಮ ಹೊಲಿಗೆ ಹಾಕುವಾಗ ಅತ್ತೆ ಪ್ರತಿಯೊಂದು ಕುಣಿಕೆಯನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ತಪ್ಪೊಂದೂ ಸಿಗಲಿಲ್ಲ. ಕೊನೆಯ ದಾರ ಕತ್ತರಿಸುವಷ್ಟರಲ್ಲಿ ದೊರೆ ಒಂದು ಕಣ್ಣನ್ನು ಅರ್ಧ ತೆರೆದು, ಇವರೆಲ್ಲ ಯಾವ ಊರಿನ ಪ್ರಜೆಗಳು ಎಂಬಂತೆ ಮೂವರನ್ನೂ ನೋಡಿದ.

"ಆಯ್ತಮ್ಮ, ಇನ್ನು ಕೈ ಬಿಡಬಹುದು," ಎಂದರು ಡಾಕ್ಟರಮ್ಮ.

ಅತ್ತೆ ಕೈ ಬಿಟ್ಟಳು.